ಎರಡನೆಯ ಸಾಲಿನ ಕೊನೆಯಲ್ಲಿ

ನಾನು ಹಾರ್ಮೋನಿಯಂ ಮೇಷ್ಟ್ರು. ದೊಡ್ಡಬಳ್ಳಾಪುರದ ಸುತ್ತಮುತ್ತಲ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತಾ ಮೂವತ್ತೆಂಟು ವರ್ಷ ತಿರುಗಿದೆ. ಹಗಲು ಮಗ್ಗದ ಕೆಲಸ, ಸಂಜೆ ಹಾರ್ಮೋನಿಯಂ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ನಮ್ಮ ಕೆಲಸದಲ್ಲಿ ನಿವೃತ್ತಿಯ ದಿನ ಅಂತ ಒಂದು ಇರುವುದಿಲ್ಲ. ಮನೆಯಲ್ಲಿ ಕಾಯಿಲೆ ಬಂತು, ನಾನು ಹಳ್ಳಿಗಳಿಗೆ ಹೋಗುವುದನ್ನು ನಿಲ್ಲಿಸಿದೆ, ಅಷ್ಟೆ.

ಈಗ ಕೀಬೋರ್ಡ್ ಬೆನ್ನಿಗೆ ಹಾಕಿಕೊಂಡು ಬೈಕಿನಲ್ಲಿ ತಿರುಗುವ ಹೊಸ ಮೇಷ್ಟ್ರುಗಳು ಆಗಾಗ ನಮ್ಮ ಮನೆಗೆ ಬರುತ್ತಾರೆ. "ಮೇಷ್ಟ್ರೇ, ಪಾರ್ಟು ಮಾಡೋರ ತಲೇಲಿ ಪದ ಕೂರೋದೇ ಇಲ್ಲ. ನೀವೆಲ್ಲ ಹೆಂಗೆ ಕಲಿಸ್ತಿದ್ರಿ?" ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಲು ಹೋದರೆ ನನ್ನ ಮಾತು ಎಲ್ಲೆಲ್ಲೋ ಸುತ್ತಿ ನನ್ನ ಹೆಂಡತಿ ರತ್ನಳ ಹತ್ತಿರ ಹೋಗಿ ನಿಂತುಬಿಡುತ್ತದೆ. ಬಂದವರಿಗೆ ಮುಜುಗರವಾಗುತ್ತದೆ. ಅದಕ್ಕೆ ಬರೆದಿಡೋಣ ಎಂದು ಕೂತೆ. ಬರೆದರೂ ಅದು ಅಲ್ಲಿಗೇ ಹೋಗುತ್ತದೆ ಎಂದು ಈಗಲೇ ಗೊತ್ತಾಗುತ್ತಿದೆ. ಅವಳು ತೀರಿಕೊಂಡು ಏಳು ತಿಂಗಳಾಯಿತು.

ನನಗೆ ಈ ವಿದ್ಯೆ ಕಲಿಸಿದವರು ತಿಮ್ಮಯ್ಯ ಮೇಷ್ಟ್ರು. ಅವರ ಮುಂದೆ ಒಂದು ಬಿದಿರಿನ ಕಡ್ಡಿ ಇರುತ್ತಿತ್ತು. ತಪ್ಪು ಸ್ವರಕ್ಕೆ ಬೆರಳು ಹೋದರೆ ಕಡ್ಡಿ ಬೆರಳಿನ ಮೇಲೆ ಬೀಳುತ್ತಿತ್ತು. "ಮೊದ್ಲು ತಪ್ಪಲಿ ಕಣೋ. ತಪ್ಪಿ, ನೋವಾಗಿ, ಆಮೇಲೆ ಸರಿ ಆದದ್ದು ಸಾಯೋತನಕ ನಿಲ್ತದೆ" ಎನ್ನುತ್ತಿದ್ದರು. ನಾನು ಅದನ್ನು ನಂಬಿದೆ. ಕಡ್ಡಿ ಬಿಟ್ಟೆ, ಬಾಯಿ ಬಿಡಲಿಲ್ಲ. ಹೊಲದಿಂದ ನೇರವಾಗಿ ಬಂದು ಕೂತ, ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ರೈತರನ್ನು ಎಲ್ಲರ ಮುಂದೆ ಬೈಯುತ್ತಿದ್ದೆ. ಅವರು ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದರು. ಮೇಷ್ಟ್ರು ಬೈಯಬೇಕು, ಅದು ಪದ್ಧತಿ.

ಓದು ಬಾರದವರಿಗೆ ನೂರಾರು ಪದಗಳನ್ನು, ಎಂದರೆ ನಾಟಕದ ಹಾಡುಗಳನ್ನು, ಬಾಯಿಂದ ಬಾಯಿಗೆ ಕಲಿಸಬೇಕಿತ್ತು. ಮೊದಲ ಸಾಲನ್ನು ಹಾರ್ಮೋನಿಯಂನಲ್ಲಿ ನುಡಿಸಿ ಎತ್ತಿಕೊಡುವುದು, ಅವರು ಹಿಡಿದುಕೊಳ್ಳುವುದು. ನಾನು ಕೆಲಸ ಶುರುಮಾಡಿದ ಹೊಸದರಲ್ಲಿ ಒಂದು ಹಳ್ಳಿಯಲ್ಲಿ ಧರ್ಮರಾಯನ ಪಾರ್ಟು ಮಾಡಿದ ಹನುಮಂತರಾಯಪ್ಪ ಎಂಬ ರೈತರನ್ನು ಮರೆಯಲಾರೆ. ನಾಟಕದ ದಿನ ಅವರು ರಂಗಕ್ಕೆ ಬಂದ ಹೊತ್ತಿಗೆ ಸರಿಯಾಗಿ ನನ್ನ ಹಾರ್ಮೋನಿಯಂ ಪೆಟ್ಟಿಗೆಯ ಒಂದು ಸ್ವರ ಅಂಟಿಕೊಂಡು ಕೂಗತೊಡಗಿತು. ನಾನು ಬೆರಳಿನಿಂದ ಒತ್ತುವ ಮನೆಗಳನ್ನು ಕೀಳುತ್ತಾ ಕೂತೆ. ಅವರು ಕಿರೀಟ ಹೊತ್ತು ನನ್ನನ್ನೇ ನೋಡುತ್ತಾ ನಿಂತರು. ನಾಲ್ಕು ತಿಂಗಳು ದಿನಾ ಹಾಡಿದ ಪದದ ಒಂದು ಅಕ್ಷರ ಅವರ ಬಾಯಿಂದ ಬರಲಿಲ್ಲ. ಜನ ಶಿಳ್ಳೆ ಹಾಕಿದರು.

ಮಾರನೆಯ ದಿನ ಬೈಯಲು ಹೋದೆ. ಅವರು ಹಸುವಿಗೆ ಹುಲ್ಲು ಹಾಕುತ್ತಿದ್ದರು. ತಿರುಗಿ ನೋಡದೆ ಹೇಳಿದರು: "ನೀವು ಒಂದಿನಾನೂ ಬಿಡದೆ ಎತ್ತಿಕೊಟ್ರಿ ಮೇಷ್ಟ್ರೇ. ನಾನು ಪದ ಕಲೀಲಿಲ್ಲ, ನಿಮ್ಮನ್ನ ಕಲಿತ್ಬಿಟ್ಟೆ."

ಆಗ ಅದು ನೆಪ ಎನಿಸಿತು. ಸುಮಾರು ನಲವತ್ತು ವರ್ಷ ಆದ ಮೇಲೆ ಅರ್ಥವಾಯಿತು.

ನಡುವೆ ಪದ್ಧತಿಗಳು ಬದಲಾದವು. ಮೊದಲು ನೋಟ್‌ಬುಕ್ಕು ಬಂತು, ಆಮೇಲೆ ಕ್ಯಾಸೆಟ್ಟು, ಈಗ ಮೊಬೈಲು. ಪಾರ್ಟು ಮಾಡುವವರು ನೆಲಮಂಗಲದ ಗೋಡೌನಿನಲ್ಲಿ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಬರುತ್ತಾ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಪದ ಕಲಿಯುತ್ತಾರೆ. ಒಳ್ಳೆಯದೇ. ಬೈಗುಳ ಇಲ್ಲ.

ರತ್ನ ದೊಡ್ಡಬೆಳವಂಗಲದವಳು. ಅವಳ ಅಪ್ಪ ಊರಿನ ಭಜನೆ ಮನೆಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದರು, ಮಗಳಿಗೂ ಕಲಿಸಿದ್ದರು. ಹೆಣ್ಣು ನೋಡಲು ಹೋದಾಗ ಅವಳು ಒಂದು ಭಜನೆ ಬಾರಿಸಿದ್ದು ನೆನಪಿದೆ. ಮದುವೆಯಾದ ಮೇಲೆ ಬಾರಿಸಲಿಲ್ಲ. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಪೆಟ್ಟಿಗೆ, ಅದು ಮೇಷ್ಟ್ರ ಪೆಟ್ಟಿಗೆ. ಬೇರೆಯವರು ಮುಟ್ಟುವಂತಿಲ್ಲ. ಅವಳು ಅದರ ಧೂಳು ಒರೆಸುತ್ತಿದ್ದಳು, ಆಯುಧಪೂಜೆಗೆ ಕುಂಕುಮ ಇಡುತ್ತಿದ್ದಳು. ಮದುವೆಯಾದ ವರ್ಷ ಒಂದು ಸಲ, "ರೀ, ಒಂದೇ ಒಂದು ಬಾರಿಸ್ಲಾ?" ಎಂದು ಕೇಳಿದಳು. "ಬೇಡ ಕಣೇ, ರೀಡು ಹಾಳಾಗ್ತದೆ" ಎಂದೆ. ಮತ್ತೆ ಕೇಳಲಿಲ್ಲ. ತಾಲ್ಲೂಕಿನ ಅರ್ಧ ಗಂಡಸರಿಗೆ ಕಲಿಸಿದವನು ನಾನು. ಮನೆಯಲ್ಲಿ ಕಲಿತು ಬಂದವಳ ಕೈ ಕಟ್ಟಿಹಾಕಿದ್ದೂ ನಾನೇ.

ಐದು ವರ್ಷದ ಹಿಂದೆ ಅವಳಿಗೆ ಜ್ವರ ಬಂದು ಮೆದುಳಿಗೆ ಏರಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಇದ್ದಳು. ಜೀವ ಉಳಿಯಿತು. ಹೊಸದನ್ನು ಇಟ್ಟುಕೊಳ್ಳುವ ಜಾಗ ಮಾತ್ರ ಹೋಯಿತು. ಹಳೆಯದರಲ್ಲೂ ಹತ್ತಿಪ್ಪತ್ತು ವರ್ಷ ಅಳಿಸಿಹೋಗಿತ್ತು. ಕಾಫಿ ಕುಡಿದು ಲೋಟ ಕೆಳಗಿಟ್ಟ ಐದು ನಿಮಿಷಕ್ಕೆ, "ಕಾಫಿ ಕೊಡಲ್ವಾ?" ಎನ್ನುವಳು. ಬಚ್ಚಲಿಗೆ ಹೋಗಿ ಬಂದವನನ್ನು ನೋಡಿ, "ಯಾವಾಗ ಬಂದ್ರಿ ಊರಿಂದ?" ಎನ್ನುವಳು. ನಾನು ಯಾರು ಎಂದು ಗೊತ್ತಿತ್ತು. ಆದರೆ ದಿನಕ್ಕೆ ಹತ್ತು ಸಲ ನನ್ನ ಮುಖ ದಿಟ್ಟಿಸಿ, "ಇದ್ಯಾಕ್ರೀ, ತಲೆಯೆಲ್ಲ ಬೆಳ್ಳಗಾಗದೆ?" ಎಂದು ನಗುವಳು. ನಮ್ಮ ಮಗಳು ಶಶಿಕಲಾ ಮದುವೆಯಾಗಿ ನೆಲಮಂಗಲದಲ್ಲಿದ್ದಾಳೆ, ಭಾನುವಾರ ಬರುತ್ತಿದ್ದಳು. ಬಂದಾಗೆಲ್ಲ ರತ್ನ ಬೆರಗಾಗಿ, "ಅಯ್ಯೋ, ಯಾವಾಗ ಇಷ್ಟು ದಪ್ಪ ಆದೆ?" ಎನ್ನುವಳು. ಶಶಿ ನಗುತ್ತಿದ್ದಳು. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು.

ನಾನು ಮಗ್ಗ ಬಿಟ್ಟೆ, ಹಳ್ಳಿ ಬಿಟ್ಟೆ, ಅಡುಗೆ ಕಲಿತೆ. ನಮ್ಮ ಬೀದಿಯಲ್ಲಿ ಎರಡೂ ಕಡೆ ಮಗ್ಗಗಳ ಮನೆಗಳು. ಬೆಳಗಿನಿಂದ ಆ ಟಕಟಕ ಸದ್ದಿನೊಳಗೇ ನಾವು ಮಾತಾಡುವುದು, ಉಣ್ಣುವುದು. ಕರೆಂಟು ಹೋದಾಗ ಇಡೀ ಬೀದಿ ಒಮ್ಮೆಲೇ ನಿಲ್ಲುತ್ತದೆ. ಆಗ ಬರುವ ಮೌನ ಯಾರೋ ಹತ್ತಿರ ಬಂದು ಕೂತ ಹಾಗಿರುತ್ತದೆ. ಅಂಥ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಹಾರ್ಮೋನಿಯಂ ಕೇಳಿಸಿತು. ಅವಳು ಪೆಟ್ಟಿಗೆ ತೆರೆದುಕೊಂಡು, ಹೆಣ್ಣು ನೋಡಲು ಹೋದ ದಿನ ಬಾರಿಸಿದ್ದ ಅದೇ ಭಜನೆಯನ್ನು ಬಾರಿಸುತ್ತಿದ್ದಳು. ಎಡಗೈ ತಿದಿಯನ್ನು ಮೆಲ್ಲಗೆ ತಳ್ಳುತ್ತಿತ್ತು. ನನ್ನನ್ನು ನೋಡಿ ಗಾಬರಿಯಾಗಿ ಕೈ ತೆಗೆದಳು. "ರೀಡು ಹಾಳಾಗಲ್ಲ ಅಲ್ವಾ?" ಎಂದಳು.

ಎಲ್ಲ ಅಳಿಸಿಹೋದವಳಲ್ಲಿ ಆ ಮಾತು ಉಳಿದಿತ್ತು.

ನನ್ನ ಜೊತೆ ಊರೂರು ತಿರುಗಿದ ತಬಲದ ಮುನಿಶಾಮಿ ಸಂಜೆ ಬಂದಾಗ ಹೇಳಿದೆ. "ಅದು ಹಳೇದು ಕಣಪ್ಪ, ಕೈಯಾಗೆ ಇತ್ತು, ಬಂತು" ಎಂದ.

"ಹೊಸದನ್ನೂ ಕಲಿಸ್ತೀನಿ."

"ಕಾಫಿ ಕುಡ್ದಿದ್ದು ನೆನಪಿಲ್ಲ ಆ ತಾಯಿಗೆ. ನಿನ್ ಮಟ್ಟು ನೆನಪಿರ್ತದಾ? ಸುಮ್ನೆ ಗೋಳು ಹುಯ್ಕೋಬೇಡ ಕಿಟ್ಟಪ್ಪ."

ಡಾಕ್ಟರೂ ಅದನ್ನೇ ಹೇಳಿದ್ದರು, ಹೊಸದನ್ನು ಹೇರಬೇಡಿ ಎಂದು. ಆದರೆ ನನಗೆ ಒಂದೇ ಆಸೆಯಿತ್ತು. ಜ್ವರದಿಂದ ಈಚೆಗೆ ನಾವಿಬ್ಬರೂ ಬದುಕುತ್ತಿದ್ದ ದಿನಗಳಲ್ಲಿ ಒಂದಾದರೂ ಅವಳೊಳಗೆ ಹೋಗಿ ಕೂರಬೇಕು. ಇಲ್ಲದಿದ್ದರೆ ಅಷ್ಟೂ ದಿನ ನಾನೊಬ್ಬನೇ ಬದುಕಿದಂತೆ ಎನಿಸುತ್ತಿತ್ತು.

ನಾಲ್ಕು ಸಾಲಿನ ಒಂದು ಮಟ್ಟು ಕಟ್ಟಿದೆ. ಪದ ಇಲ್ಲ, ಬರೀ ಸ್ವರ. ನನಗೆ ಗೊತ್ತಿದ್ದ ರೀತಿಯಲ್ಲೇ ಕಲಿಸಿದೆ. ನುಡಿಸಿ ತೋರಿಸುವುದು, ಅವಳು ತಪ್ಪಿದರೆ ನಿಲ್ಲಿಸಿ ತಿದ್ದುವುದು. ಮೊದಲ ದಿನ ಎರಡು ಕಡೆ ಪಕ್ಕದ ಮನೆಗೆ ಬೆರಳು ಜಾರಿತು. ತಿದ್ದಿದೆ. ಮಾರನೆಯ ದಿನ ಅದೇ ಎರಡು ಕಡೆ ಜಾರಿತು. ಹತ್ತು ದಿನ ಕಳೆಯಿತು. ಸೋಜಿಗ ಎಂದರೆ, ತಿದ್ದಿದ್ದು ಒಂದೂ ನಿಲ್ಲಲಿಲ್ಲ, ತಪ್ಪು ಮಾತ್ರ ದಿನದಿನಕ್ಕೆ ಗಟ್ಟಿಯಾಯಿತು. ನಾವು ತಪ್ಪಿದರೆ, ತಪ್ಪಿದೆವು ಎನ್ನುವುದು ನೆನಪಿರುತ್ತದೆ, ಅದರಿಂದ ಮುಂದಿನ ಸಲ ಎಚ್ಚರವಾಗಿರುತ್ತೇವೆ. ಅವಳಿಗೆ ಆ ಎಚ್ಚರ ಇರಲಿಲ್ಲ. ಬೆರಳು ಹೋದ ದಾರಿ ಮಾತ್ರ ಬೆರಳಿಗೆ ಗೊತ್ತಿತ್ತು.

ಇದೆಲ್ಲ ಆಗ ಹೊಳೆಯಲಿಲ್ಲ. ಹನ್ನೊಂದನೆಯ ದಿನ ತಿಮ್ಮಯ್ಯ ಮೇಷ್ಟ್ರು ನನ್ನ ಬಾಯಲ್ಲಿ ಬಂದರು. "ಎಷ್ಟು ಸಲ ಹೇಳ್ಬೇಕು ನಿಂಗೆ? ಕೈಯಾ ಅದು, ಕೊರಡಾ?" ಎಂದು ಕೂಗಿ ಅವಳ ಬೆರಳಿನ ಮೇಲೆ ಹೊಡೆದೆ. ಜೋರಾಗಿ ಅಲ್ಲ. ಹೊಡೆದದ್ದು ನಿಜ.

ಅವಳು ಅತ್ತಳು. ಐದು ನಿಮಿಷಕ್ಕೆ ಮರೆತಳು, ಕಣ್ಣು ಒರೆಸಿಕೊಂಡು ಕೈ ನೋಡಿ, "ಯಾಕ್ರೀ ಒದ್ದೆ ಆಗದೆ?" ಎಂದಳು. ಸದ್ಯ, ಮರೆತಳಲ್ಲ ಎಂದುಕೊಂಡೆ. ಅಂಥ ನೀಚ ಸಮಾಧಾನ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಮಾರನೆಯ ದಿನ ಪೆಟ್ಟಿಗೆ ತೆರೆದೆ. ಅವಳು ಗೋಡೆಗೆ ಒತ್ತಿಕೊಂಡು ಕೂತಳು, ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ಯಾಕೆ ರತ್ನ?"

"ಗೊತ್ತಿಲ್ಲ ಕಣ್ರೀ. ಅದನ್ನ ಕಂಡ್ರೆ ಭಯ ಆಗ್ತದೆ."

"ಏನಾಯ್ತು ಅಂತ ಭಯ?"

"ಏನೂ ಆಗಿಲ್ವಲ್ಲ" ಎಂದಳು.

ಏನೂ ಆಗಿರಲಿಲ್ಲ, ಅವಳ ಪಾಲಿಗೆ. ಪೆಟ್ಟು ಹೋಗಿತ್ತು, ಹೆದರಿಕೆ ಉಳಿದಿತ್ತು. ಆಗ ನನಗೆ ಎರಡು ವಿಷಯ ಒಟ್ಟಿಗೆ ತಿಳಿದವು. ಒಂದು, ಅವಳೊಳಗೆ ಹೊಸದು ಹೋಗುತ್ತದೆ. ಇನ್ನೊಂದು, ನಾನು ಹಾಕಿದ ಮೊದಲ ಹೊಸದು ಇದು. ನಾನು ಬೈದ ರೈತರೆಲ್ಲ ಕಣ್ಣ ಮುಂದೆ ಬಂದರು. ಮೂವತ್ತೆಂಟು ವರ್ಷದ ಕೆಲಸ ಒಂದು ಕ್ಷಣದಲ್ಲಿ ಬೇರೆಯಾಗಿ ಕಾಣಿಸಿತು.

ಇಪ್ಪತ್ತು ದಿನ ಪೆಟ್ಟಿಗೆ ಮುಚ್ಚಿಟ್ಟೆ. ಆಮೇಲೆ ಅದನ್ನು ಪಡಸಾಲೆಯಿಂದ ತೆಗೆದು ಅಡುಗೆಮನೆಯ ಬಾಗಿಲ ಪಕ್ಕ ಇಟ್ಟೆ. ಅಲ್ಲಿ ಗವಾಕ್ಷಿಯಿಂದ ಬೆಳಕು ಬೀಳುತ್ತದೆ. ಅವಳದೇ ಒಂದು ಹಳೆಯ ಹಳದಿ ಸೀರೆಯನ್ನು ಮಡಿಸಿ ಪೆಟ್ಟಿಗೆಯ ಮೇಲೆ ಹೊದಿಸಿದೆ, ಮನೆಗಳು ಮಾತ್ರ ಕಾಣುವಂತೆ. ಹಳೆಯ ಭಜನೆಯನ್ನು ನಾನೇ ಬಾರಿಸುತ್ತಾ ಕೂತೆ. ಮೂರು ದಿನ ದೂರದಿಂದ ಕೇಳಿದಳು. ನಾಲ್ಕನೆಯ ದಿನ ಬಂದು ಪಕ್ಕದಲ್ಲಿ ಕೂತು, "ಅಲ್ಲಿ ಇನ್ನೊಂಚೂರು ಎಳೀಬೇಕು" ಎಂದು ನನಗೇ ತಿದ್ದಿದಳು.

ಹೊಸ ಮಟ್ಟು ಕಟ್ಟಿದೆ. ತಪ್ಪು ಕೂತಿದ್ದ ಮೊದಲ ಮಟ್ಟನ್ನು ಮತ್ತೆ ಮುಟ್ಟಲಿಲ್ಲ. ಈ ಸಲ ಅವಳನ್ನು ತಪ್ಪಲು ಬಿಡಬಾರದು ಎಂದು ನಿಶ್ಚಯ ಮಾಡಿದ್ದೆ. ಅವಳ ಬೆರಳಿನ ಮೇಲೆ ನನ್ನ ಬೆರಳು ಇಟ್ಟು, ಒಂದೊಂದೇ ಸ್ವರ ಒತ್ತಿಸಿದೆ. ಮೊದಮೊದಲು ದಿನಕ್ಕೆ ಅರ್ಧ ಸಾಲು, ಆಮೇಲೆ ದಿನಾ ನಾಲ್ಕೂ ಸಾಲು. ಅನುಮಾನ ಬಂದ ಕಡೆ ಬೆರಳು ತಡಕಾಡುವ ಮೊದಲೇ ನಾನು ಒಯ್ದು ಮುಟ್ಟಿಸುತ್ತಿದ್ದೆ. ದಿನಾ ಅದೇ ಹೊತ್ತು, ಹನ್ನೊಂದು ಗಂಟೆ, ಒಲೆಯ ಮೇಲೆ ಕುಕ್ಕರ್ ಇಟ್ಟು ಬಂದು ಕೂರುವುದು. ದಿನಾ ಅವಳು, "ನಂಗೆ ಇದು ಬರಲ್ಲ, ಕೇಳೇ ಇಲ್ಲ" ಎನ್ನುವಳು. "ಬರದಿದ್ರೆ ಬೇಡ, ಸುಮ್ನೆ ಕೈ ಇಡು" ಎನ್ನುವೆ. ಎರಡನೆಯ ಸಾಲು ಮುಗಿಯುವ ಹೊತ್ತಿಗೆ ಕುಕ್ಕರ್ ಮೂರು ಕೂಗು ಕೂಗುತ್ತಿತ್ತು. "ಇರು, ಬಂದೆ" ಎಂದು ಎದ್ದು ಹೋಗಿ ಒಲೆ ಆರಿಸಿ ಬಂದು ಕೂರುತ್ತಿದ್ದೆ. ಅದನ್ನು ಒಂದು ವಿಷಯ ಎಂದು ನಾನು ಎಣಿಸಿರಲೇ ಇಲ್ಲ.

ಒಂದೂವರೆ ತಿಂಗಳಾದ ಮೇಲೆ ಒಂದು ದಿನ ನನ್ನ ಬೆರಳಿನ ಕೆಳಗೆ ಅವಳ ಬೆರಳು ಮುಂದಾಗಿ ಹೋಗುತ್ತಿರುವುದು ಗೊತ್ತಾಯಿತು. ಹೊಳೆಯಲ್ಲಿ ಕೈ ಬಿಟ್ಟಾಗ ನೀರು ಎಳೆಯುವ ಹಾಗೆ. ನಾನು ಮೆಲ್ಲಗೆ ಕೈ ಎತ್ತಿದೆ. ಅವಳ ಕೈ ನಿಲ್ಲಲಿಲ್ಲ.

ಮುನಿಶಾಮಿಯನ್ನು ಕರೆಸಿದೆ. ಕುಕ್ಕರ್ ಇಡಲಿಲ್ಲ, ಕರೆಂಟೂ ಇರಲಿಲ್ಲ, ಬೀದಿ ನಿಶ್ಶಬ್ದವಾಗಿತ್ತು. ಎತ್ತಿಕೊಡಬಾರದು ಎಂದು ದೂರ ಕೂತೆ. ಧರ್ಮರಾಯನ ಪಾರ್ಟಿನ ಹನುಮಂತರಾಯಪ್ಪ ನೆನಪಾಗಿದ್ದರು.

"ಬಾರ್ಸವ್ವ ರತ್ನಮ್ಮ" ಎಂದ ಮುನಿಶಾಮಿ.

"ಏನು ಬಾರಿಸ್ಲಿ? ನಂಗೇನು ಬರ್ತದೆ, ಅಪ್ಪನ ಭಜನೆ ಬಿಟ್ರೆ?" ಎಂದಳು. ಆದರೂ ಹಳದಿ ಸೀರೆಯ ಮೇಲೆ ಕೈ ಇಟ್ಟಳು. ಬಲಗೈ ಮನೆಗಳ ಮೇಲೆ ತನ್ನಷ್ಟಕ್ಕೆ ಹೋಗಿ ಕೂತಿತು. ಮೊದಲ ಸಾಲು ಬಂತು. ಯಾರೂ ಎತ್ತಿಕೊಡದೆ ಬಂತು. ಎರಡನೆಯ ಸಾಲೂ ಬಂತು.

ನಿಂತಿತು. ಅವಳು ಬೆರಳು ಎತ್ತಿ ಗಾಳಿಯಲ್ಲಿ ಹಿಡಿದಳು. ತಿದಿಯಲ್ಲಿದ್ದ ಗಾಳಿ ಸಣ್ಣಗೆ ಹೊರಗೆ ಹೋಯಿತು.

"ಅಷ್ಟೇನಾ?" ಎಂದ ಮುನಿಶಾಮಿ, ನನ್ನ ಕಡೆ ನೋಡಿ. ಆಮೇಲೆ ಅವಳನ್ನೇ ಕೇಳಿದ: "ಯಾಕವ್ವ ನಿಲ್ಸಿದೆ? ಮರ್ತೋಯ್ತಾ?"

"ಇಲ್ಲ, ಅವರು ಬರ್ಬೇಕಲ್ಲ."

"ಯಾರು?"

ಅವಳು ಅಡುಗೆಮನೆಯ ಬಾಗಿಲ ಕಡೆ ನೋಡಿದಳು. "ಗೊತ್ತಿಲ್ಲಪ್ಪ. ಯಾರೋ ಎದ್ದು ಹೋದ್ರು. ಬರ್ತಾರೆ."

ನಾನು ಎದ್ದೆ. ಅವಳ ಮುಂದೆಯೇ ಅಡುಗೆಮನೆಗೆ ಹೋದೆ. ಒಲೆ ಉರಿಯುತ್ತಿರಲಿಲ್ಲ, ಆದರೂ ಅದರ ತಿರುಗಣಿ ಮುಟ್ಟಿದೆ. ವಾಪಸ್ಸು ಬಂದು ಪಕ್ಕದಲ್ಲಿ ಕೂತೆ. ಅವಳು ನನ್ನ ಕಡೆ ನೋಡಲಿಲ್ಲ. ಮೂರನೆಯ ಸಾಲು ಹಿಡಿದು ನಾಲ್ಕನೆಯದನ್ನೂ ಮುಗಿಸಿದಳು.

"ಇದು ಹಳೇ ಮಟ್ಟಿರ್ಬೇಕು ಬಿಡು" ಎಂದ ಮುನಿಶಾಮಿ, ಮುಖ ಆಚೆ ತಿರುಗಿಸಿ.

"ನಾನು ಕಟ್ಟಿ ಎರಡು ತಿಂಗಳಾಗಿಲ್ಲ ಕಣೋ."

"ಗೊತ್ತು. ಸುಮ್ನಿರು."

"ಚೆನ್ನಾಗದೆ ಅಲ್ವಾ? ಯಾರು ಬಾರಿಸಿದ್ದು?" ಎಂದು ಕೇಳಿದಳು ರತ್ನ.

ಆ ನಿಲುಗಡೆ ನಾನು ಕಲಿಸಿದ್ದಲ್ಲ. ಕಲಿಸುವಾಗ ನಮಗೆ ಅರಿವಿಲ್ಲದೆ ಏನೇನು ಮಾಡುತ್ತೇವೋ ಅದನ್ನೂ ಎದುರಿಗೆ ಕೂತವರು ಕಲಿಯುತ್ತಾರೆ. ಹನುಮಂತರಾಯಪ್ಪ ಹುಲ್ಲು ಹಾಕುತ್ತಾ ಹೇಳಿದ್ದು ಇದನ್ನೇ. ಹೊಸ ಮೇಷ್ಟ್ರುಗಳಿಗೆ ನಾನು ಹೇಳಬಹುದಾದದ್ದು ಇಷ್ಟೇ ಇದೆ. ಮೊದಲ ದಿನ ಅವಸರ ಮಾಡಬೇಡಿ. ಗೊತ್ತಿಲ್ಲದವರನ್ನು ಊಹೆ ಮಾಡಿಸಿ ತಪ್ಪಿಸಬೇಡಿ. ಪಕ್ಕದಲ್ಲಿ ಹೇಗೆ ಕೂರುತ್ತೀರಿ ಎನ್ನುವುದರ ಮೇಲೂ ಗಮನವಿರಲಿ.

ಆ ನಿಲುಗಡೆಯನ್ನು ತಿದ್ದುವ ಯೋಚನೆ ನನಗೆ ಬರಲಿಲ್ಲ. ನಾಲ್ಕು ವರ್ಷ, ದಿನಾ ಹನ್ನೊಂದು ಗಂಟೆಗೆ, ಎರಡನೆಯ ಸಾಲಿನ ಕೊನೆಯಲ್ಲಿ ನಾನು ಎದ್ದು ಹೋಗಿ ಬಂದೆ. ಬೆಳಗಿನಿಂದ ರಾತ್ರಿಯವರೆಗೆ ನಾನು ಅವಳಿಗೆ ಊರಿಂದ ಈಗ ಬಂದವನು, ತಲೆ ಬೆಳ್ಳಗಾದವನು. ಆ ಒಂದು ಗಳಿಗೆ ಮಾತ್ರ, ಎದ್ದು ಹೋದವನು ಬಂದೇ ಬರುತ್ತಾನೆ ಎಂದು ಅವಳ ಕೈಗೆ ಗೊತ್ತಿತ್ತು. ಅದು ನಾನೇ ಎಂದು ಅವಳಿಗೆ ತಿಳಿದಿರಲಿಲ್ಲ. ಚಿಂತೆಯಿಲ್ಲ ಎನಿಸುತ್ತಿತ್ತು. ಮಗ್ಗಗಳ ಸದ್ದಿನಲ್ಲಿ, ಗವಾಕ್ಷಿಯ ಬೆಳಕಿನಲ್ಲಿ, ಆ ದಿನಗಳು ಒಂದೇ ದಿನದ ಹಾಗೆ ಕಳೆದವು. ಈಗ ಬೇರೆ ಬೇರೆ ಮಾಡಿ ನೆನೆಯಲು ಹೋದರೆ ನನಗೂ ಆಗುವುದಿಲ್ಲ.

ಏಳು ತಿಂಗಳ ಹಿಂದೆ ನಿದ್ದೆಯಲ್ಲೇ ಹೋದಳು. ಹಿಂದಿನ ದಿನ ಬಾರಿಸಿದ್ದಳು.

ಶಶಿ ಯಾವಾಗಲೋ ಒಂದು ಭಾನುವಾರ ಅಮ್ಮ ಬಾರಿಸಿದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದಳು. ತಿಥಿಯ ದಿನ ನೆಂಟರೆಲ್ಲ ಊಟ ಮುಗಿಸಿ ಕೂತಾಗ ಅದನ್ನು ಹಾಕಿದಳು. ಮೊದಲ ಸಾಲು, ಎರಡನೆಯ ಸಾಲು. ನನಗೆ ತಿಳಿಯದೆಯೇ ಏಳಲು ಕೈ ನೆಲಕ್ಕೆ ಊರಿದೆ. ಅಷ್ಟರಲ್ಲಿ ಮೂರನೆಯ ಸಾಲು ಶುರುವಾಗಿಬಿಟ್ಟಿತು.

"ಮಧ್ಯ ಸ್ವಲ್ಪ ಖಾಲಿ ಬಂದಿತ್ತಪ್ಪ, ಇವರಿಗೆ ಹೇಳಿ ಕಟ್ ಮಾಡಿಸ್ದೆ. ಈಗ ಚೆನ್ನಾಗಿ ಬಂದಿದೆ ಅಲ್ವಾ?" ಎಂದಳು ಶಶಿ.

ಚೆನ್ನಾಗಿಯೇ ಬಂದಿತ್ತು. ಎಲ್ಲೂ ತಡೆಯಿಲ್ಲದೆ, ಯಾರಿಗೂ ಕಾಯದೆ ಹೋಗುತ್ತಿತ್ತು. ಅವಳು ತೀರಿಕೊಂಡ ದಿನ ಬರದ ಅಳು ನನಗೆ ಆಗ ಬಂತು. ನೆಂಟರು, ಮಟ್ಟು ಕೇಳಿ ನಾನು ಅತ್ತೆ ಎಂದುಕೊಂಡರು.

ಕಳೆದ ಭಾನುವಾರ ಶಶಿ ಬಂದು ಅಡುಗೆಗೆ ಇಟ್ಟಳು. ಏಳು ತಿಂಗಳಿಂದ ಮುಚ್ಚಿದ್ದ ಪೆಟ್ಟಿಗೆಯ ಬೀಗ ತೆಗೆದೆ. ಹಳದಿ ಸೀರೆ ಹಾಗೆಯೇ ಇತ್ತು. ಶಶಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಮಟ್ಟು ಬಾರಿಸಿದೆ. ಎರಡನೆಯ ಸಾಲು ಮುಗಿಯಿತು. ಬೆರಳು ಎತ್ತಿದೆ. ತಿದಿಯ ಗಾಳಿ ಹೊರಗೆ ಹೋಯಿತು.

"ಯಾಕಪ್ಪ ನಿಲ್ಸಿದ್ರಿ?" ಎಂದಳು. ನಾನು ಅಡುಗೆಮನೆಯ ಬಾಗಿಲ ಕಡೆ ನೋಡುತ್ತಿದ್ದೆ. ಅವಳು ನನ್ನ ಮುಖ ನೋಡಿದಳು, ಬಾಗಿಲು ನೋಡಿದಳು. ಅಮ್ಮನ ಪಕ್ಕದಿಂದ ನಾನು ಎದ್ದು ಹೋಗುತ್ತಿದ್ದುದನ್ನು ಎಷ್ಟು ಭಾನುವಾರ ಕಂಡಿದ್ದಳೋ.

ಕುಕ್ಕರ್ ಇನ್ನೂ ಕೂಗಿರಲಿಲ್ಲ. ಆದರೂ ಎದ್ದು ಒಳಗೆ ಹೋದಳು. ಒಲೆಯ ತಿರುಗಣಿ ಸದ್ದಾಯಿತು. ವಾಪಸ್ಸು ಬಂದಳು, ಸೆರಗಿಗೆ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತಳು.

"ಹೂಂ, ಬಂದೆ" ಎಂದಳು.

ಮೂರನೆಯ ಸಾಲು ಹಿಡಿದೆ.